ಮಗ ಬಳೆ ಕೇಳಿದರೆ ತಪ್ಪು ಯಾರದು?

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯದ ಸುತ್ತ ಇವೆ. ಮೊದಲನೆಯದಕ್ಕೆ ಜಾಸ್ತಿ ಜಾಗ ಬೇಕಾಯಿತು.

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನನಗೆ ಇಬ್ಬರು ಮಕ್ಕಳು. ಮಗಳಿಗೆ 11 ವರ್ಷ, ಮಗನಿಗೆ 7. ಮಗನಿಗೆ ಮೂರು ವರ್ಷದವನಿದ್ದಾಗಿನಿಂದ ಅಕ್ಕನ ಬಳೆ, ಗೊಂಬೆ, ಅಡುಗೆ ಆಟದ ಪಾತ್ರೆ ಅಂದರೆ ಪ್ರಾಣ. ನನ್ನ ವೇಲನ್ನು ತಲೆಗೆ ಕಟ್ಟಿಕೊಂಡು ಜಡೆ ಅಂತಾನೆ. ಬೀದಿ ಹುಡುಗರ ಜೊತೆ ಕ್ರಿಕೆಟ್ ಆಡಲು ಕಳಿಸಿದರೆ ಅಳುತ್ತಾ ವಾಪಸ್ ಬರುತ್ತಾನೆ. ಎರಡನೆಯದೂ ಹೆಣ್ಣಾಗಲಿ ಅಂತ ನನಗೆ ಆಸೆ ಇತ್ತು. ಮುಡಿ ತೆಗೆಸುವ ಮೊದಲು ಅವನಿಗೆ ಮೊಗ್ಗಿನ ಜಡೆ ಹಾಕಿ, ಲಂಗ ಉಡಿಸಿ ಫೋಟೋ ತೆಗೆಸಿದ್ದೆ. ಅದಕ್ಕೇ ಹೀಗಾದ, ಯಾವಾಗಲೂ ಅಕ್ಕನ ಜೊತೆ ಬಿಟ್ಟಿದ್ದಕ್ಕೇ ಹೀಗಾದ ಅಂತ ಅತ್ತೆ ಹೇಳುತ್ತಾರೆ. ನಮ್ಮ ಯಜಮಾನರು ಹಾರ್ಮೋನ್ ಟೆಸ್ಟ್ ಮಾಡಿಸೋಣ, ಬೇಕಾದರೆ ಇಂಜೆಕ್ಷನ್ ಕೊಡಿಸೋಣ ಅಂತಾರೆ. ಇದು ಹುಟ್ಟಿನಿಂದ ಬಂದಿದ್ದಾ, ನಾನು ಬೆಳೆಸಿದ ರೀತಿಯಿಂದ ಬಂದಿದ್ದಾ? ರಾತ್ರಿ ನಿದ್ದೆ ಬರುತ್ತಿಲ್ಲ.
ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ಆ ಫೋಟೋ ವಿಷಯ ಮುಗಿಸೋಣ. ಅದನ್ನು ಹರಿದು ಹಾಕಬೇಡಿ. ಮೊದಲ ಮುಡಿಯನ್ನು ಮನೆದೇವರಿಗೆ ಕೊಡುವ ತನಕ ಗಂಡುಮಗುವಿನ ಕೂದಲು ಬಿಡುವುದು, ಜಡೆ ಹೆಣೆಯುವುದು, ಲಂಗ ಉಡಿಸಿ ಸ್ಟುಡಿಯೋಗೆ ಕರೆದುಕೊಂಡು ಹೋಗುವುದು ನಮ್ಮ ಎಷ್ಟೋ ಮನೆಗಳಲ್ಲಿ ನಡೆದು ಬಂದಿದೆ. ನಿಮ್ಮ ಅತ್ತೆಯವರ ಟ್ರಂಕಿನಲ್ಲೂ ಅಂಥ ಒಂದು ಹಳೆಯ ಫೋಟೋ ಇರಬಹುದು, ಕೇಳಿ ನೋಡಿ. ಆ ಮಕ್ಕಳು ದೊಡ್ಡವರಾಗಿ ಹೊಲ ಉತ್ತರು, ಲಾರಿ ಓಡಿಸಿದರು, ಮೇಷ್ಟ್ರಾದರು. ಒಂದು ಮಧ್ಯಾಹ್ನ ಉಡಿಸಿದ ಲಂಗಕ್ಕೆ ಮಗುವಿನ ಸ್ವಭಾವ ಬದಲಿಸುವ ಶಕ್ತಿ ಇಲ್ಲ. ಬಸುರಿಯಲ್ಲಿ ನೀವು ಪಟ್ಟ ಆಸೆಗಂತೂ ಇಲ್ಲವೇ ಇಲ್ಲ.

ಅಕ್ಕನ ಜೊತೆ ಬೆಳೆದಿದ್ದರ ಬಗ್ಗೆ ಅತ್ತೆ ಹೇಳಿದ್ದು ಪೂರ್ತಿ ಸುಳ್ಳಲ್ಲ, ಅದನ್ನೂ ಹೇಳಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ 3 ವರ್ಷದ 5,500ಕ್ಕೂ ಹೆಚ್ಚು ಮಕ್ಕಳ ಆಟವನ್ನು ಗಮನಿಸಿದ ಒಂದು ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಅಕ್ಕ ಇರುವ ಗಂಡುಮಕ್ಕಳು ಗೊಂಬೆ, ಮನೆಯಾಟದಂಥ ಆಟಗಳನ್ನು ಸ್ವಲ್ಪ ಜಾಸ್ತಿ ಆಡುತ್ತಿದ್ದರು. ಆದರೆ ಕಾರು, ಚೆಂಡು ಬಿಟ್ಟಿರಲಿಲ್ಲ. ಅಕ್ಕ ಒಂದು ಆಟವನ್ನು ಕಲಿಸಿದಳು, ಇನ್ನೊಂದನ್ನು ಕಿತ್ತುಕೊಳ್ಳಲಿಲ್ಲ. ನಿಮ್ಮ ಬೀದಿಯಲ್ಲೇ ಅಕ್ಕಂದಿರ ಜೊತೆ ಬೆಳೆದ ಹುಡುಗರು ಎಷ್ಟು ಜನ ಇಲ್ಲ? ಅವರೆಲ್ಲ ವೇಲ್ ಕಟ್ಟಿಕೊಂಡು ಜಡೆ ಅನ್ನುವುದಿಲ್ಲ. ಪಕ್ಕದಲ್ಲಿ ಬಳೆ ಇತ್ತು, ನಿಜ. ಇದ್ದ ಎಲ್ಲದರ ನಡುವೆ ಅವನ ಕೈ ಬಳೆಯ ಕಡೆಗೇ ಯಾಕೆ ಹೋಯಿತು ಅನ್ನುವುದು ಬೇರೆ ಪ್ರಶ್ನೆ.

ಆ ಪ್ರಶ್ನೆಗೆ ಒಂದಿಷ್ಟು ಉತ್ತರ ಅವಳಿ ಮಕ್ಕಳಿಂದ ಸಿಕ್ಕಿದೆ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ಜೀನ್‌ಗಳು ಒಂದೇ. ಬೇರೆ ಬೇರೆ ಅಂಡದಿಂದ ಹುಟ್ಟಿದ ಅವಳಿಗಳು ಬೇರೆ ಅಣ್ಣ ತಮ್ಮಂದಿರಷ್ಟೇ ಹೋಲುತ್ತಾರೆ. ಇಬ್ಬರದೂ ಮನೆ ಒಂದೇ, ತಾಯಿ ಒಬ್ಬಳೇ. ನೆದರ್ಲೆಂಡ್ಸ್‌ನಲ್ಲಿ 7 ಮತ್ತು 10 ವರ್ಷದ ಸಾವಿರಾರು ಅವಳಿಗಳನ್ನು ಹೀಗೆ ಹೋಲಿಸಿದರು. ಹುಡುಗ ಹುಡುಗಿಯ ಹಾಗೆ, ಹುಡುಗಿ ಹುಡುಗನ ಹಾಗೆ ಇರುವ ವಿಷಯದಲ್ಲಿ ಮಕ್ಕಳ ನಡುವೆ ಕಂಡ ವ್ಯತ್ಯಾಸದ ಸುಮಾರು 70% ಜೀನ್‌ಗಳ ಲೆಕ್ಕಕ್ಕೆ ಹೋಯಿತು. 2006ರಲ್ಲಿ ಬಂದ ಫಲಿತಾಂಶ ಇದು. ನಿಮ್ಮ ಮಗನಲ್ಲಿ ಶೇಕಡಾ ಎಪ್ಪತ್ತು ಹುಟ್ಟು, ಮೂವತ್ತು ಸಾಕಣೆ ಅಂತ ಇದರ ಅರ್ಥ ಅಲ್ಲ. ಅಷ್ಟೊಂದು ಮಕ್ಕಳನ್ನು ಒಟ್ಟಿಗೆ ನೋಡಿದಾಗ ಕಾಣುವ ಲೆಕ್ಕ ಅದು. ಬ್ರಿಟನ್ನಿನಲ್ಲಿ 3-4 ವರ್ಷದ ಅವಳಿಗಳನ್ನು ನೋಡಿದಾಗ ಮನೆಯ ಪ್ರಭಾವವೂ ಚೆನ್ನಾಗಿಯೇ ಕಂಡಿತು. ಚಿಕ್ಕ ವಯಸ್ಸಿನಲ್ಲಿ ಮನೆಯೇ ಮಗುವಿನ ಪ್ರಪಂಚ ಅಲ್ವಾ? ಹಾಗಾಗಿ ಹುಟ್ಟೂ ಇದೆ, ಮನೆಯೂ ಇದೆ. ಬಳೆಯ ಜೀನ್ ಅಂತ ಒಂದು ಇಲ್ಲ. ಎಷ್ಟೋ ಸಣ್ಣ ಸಣ್ಣ ಎಳೆಗಳು ಸೇರಿ ಒಂದು ಒಲವು ಆಗುತ್ತದೆ.

ಸಾಕಣೆಯಿಂದ ಆ ಒಲವನ್ನು ಅಳಿಸಬಹುದಾ? ನಿಮ್ಮ ಯಜಮಾನರ ಮನಸ್ಸಿನಲ್ಲಿ ಇರುವುದು ಇದೇ ಪ್ರಶ್ನೆ ಅಂತ ನನಗೆ ಅನಿಸುತ್ತದೆ. ಅದನ್ನು ಮಾಡಿ ನೋಡಿದವರಿದ್ದಾರೆ. ಅಮೆರಿಕದ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1970ರ ದಶಕದ ಶುರುವಿನಲ್ಲಿ ಇನ್ನೂ ಐದು ತುಂಬದ ಒಬ್ಬ ಹುಡುಗನಿಗೆ ಚಿಕಿತ್ಸೆ ಶುರು ಮಾಡಿದರು. ಅವನ ತೊಂದರೆ ಅಂತ ಬರೆದಿದ್ದು ನಿಮ್ಮ ಮಗನ ಆಟಗಳಂಥವನ್ನೇ. ಗೊಂಬೆ ಹಿಡಿದಾಗ ತಾಯಿ ಅವನ ಕಡೆ ನೋಡಬಾರದು, ಮಾತಾಡಬಾರದು. ಹುಡುಗರ ಆಟಿಕೆ ಹಿಡಿದರೆ ನಗಬೇಕು, ಹೊಗಳಬೇಕು. ಮನೆಯಲ್ಲಿ ಹುಡುಗನ ಹಾಗೆ ಇದ್ದರೆ ನೀಲಿ ಬಿಲ್ಲೆ, ಹುಡುಗಿಯ ಹಾಗೆ ಇದ್ದರೆ ಕೆಂಪು ಬಿಲ್ಲೆ. ನೀಲಿಗೆ ತಿಂಡಿ ಸಿಗುತ್ತಿತ್ತು. ಕೆಂಪು ಬಿಲ್ಲೆಗೆ ಅಪ್ಪನ ಏಟು. 1974ರಲ್ಲಿ ಈ ಚಿಕಿತ್ಸೆ ಯಶಸ್ವಿ ಆಯಿತು ಅಂತ ಪ್ರಬಂಧ ಪ್ರಕಟವಾಯಿತು. ವರ್ಷಗಟ್ಟಲೆ ಅದನ್ನು ಉದಾಹರಣೆಯಾಗಿ ಎತ್ತಿ ಹೇಳಿದರು. ಆ ಹುಡುಗ ದೊಡ್ಡವನಾಗಿ ಗಂಡಸರನ್ನೇ ಇಷ್ಟಪಡುವವನಾದ. 2003ರಲ್ಲಿ, 38ನೇ ವಯಸ್ಸಿನಲ್ಲಿ, ತನ್ನ ಜೀವ ತಾನೇ ತೆಗೆದುಕೊಂಡ. ಆ ಚಿಕಿತ್ಸೆಯೇ ಅವನನ್ನು ಒಳಗೊಳಗೇ ಮುರಿದು ಹಾಕಿತು ಅಂತ ಮನೆಯವರು ನಂತರ ಹೇಳಿದರು. ಈ ಕಥೆ ನಿಮ್ಮನ್ನು ಹೆದರಿಸಲು ಹೇಳಿದ್ದಲ್ಲ. ತಾಯಿ ಮುಖ ತಿರುಗಿಸಿದಾಗ ಆ ಮಗು ಬಿಕ್ಕಿ ಬಿಕ್ಕಿ ಅತ್ತಿದ್ದು ದಾಖಲೆಯಲ್ಲೇ ಇದೆ. ಅದನ್ನು ಓದಿದ ದಿನದಿಂದ ನನಗೆ ಮರೆಯಲು ಆಗಿಲ್ಲ. ಮಗು ಅಲ್ಲಿ ಕಲಿತದ್ದು ಗಂಡಸುತನವನ್ನಲ್ಲ. ಅಮ್ಮನ ಎದುರು ಮುಚ್ಚಿಡುವುದನ್ನು.

ಇನ್ನೂ ದೊಡ್ಡ ಪರೀಕ್ಷೆಯೂ ನಡೆದುಹೋಗಿದೆ. ಹೊಟ್ಟೆಯ ಕೆಳಭಾಗ ಸರಿಯಾಗಿ ಕೂಡಿಕೊಳ್ಳದೆ, ಶಿಶ್ನ ಬೆಳೆಯದೆ ಹುಟ್ಟುವ ಗಂಡುಮಕ್ಕಳನ್ನು ಹಿಂದೆ ಅಮೆರಿಕದಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಹೆಣ್ಣೆಂದೇ ಬೆಳೆಸುತ್ತಿದ್ದರು. ಹೆಸರು, ಬಟ್ಟೆ, ಆಟಿಕೆ ಎಲ್ಲ ಹೆಣ್ಣಿನದು. ಅಂಥ 14 ಮಕ್ಕಳ ಬಗ್ಗೆ 2004ರಲ್ಲಿ ವರದಿ ಬಂತು. ಅವರಲ್ಲಿ 8 ಮಕ್ಕಳು ‘ನಾನು ಹುಡುಗ’ ಅಂತ ತಾವೇ ಹೇಳಿದ್ದರು. 5 ಮಕ್ಕಳು ಹುಡುಗಿಯರಾಗಿಯೇ ಉಳಿದಿದ್ದರು, ಇನ್ನೊಂದು ಮಗುವಿನದು ಸ್ಪಷ್ಟವಾಗಿರಲಿಲ್ಲ. ಹುಟ್ಟೇ ಎಲ್ಲ ಅನ್ನುವವರು ಈ ಐವರನ್ನು ಮರೆಯಬಾರದು. ಸಾಕಣೆಯೇ ಎಲ್ಲ ಅನ್ನುವವರು ಆ ಎಂಟು ಮಕ್ಕಳನ್ನು ಮರೆಯಬಾರದು.

ಹಾಗಾದರೆ ಸಾಕಣೆ ಏನು ಮಾಡುತ್ತದೆ? ತುಂಬಾ ಮಾಡುತ್ತದೆ. ಮಗುವಿನ ಒಲವಿಗೆ ಹೆಸರು ಇಡುವವರು ನಾವು. 1976ರ ಒಂದು ಪ್ರಯೋಗದಲ್ಲಿ ಒಂದೇ ಮಗುವಿನ ವಿಡಿಯೋವನ್ನು ದೊಡ್ಡವರಿಗೆ ತೋರಿಸಿದರು. ಪೆಟ್ಟಿಗೆಯಿಂದ ಗೊಂಬೆ ಪುಟಿದಾಗ ಮಗು ಅಳುತ್ತದೆ. ಗಂಡು ಅಂತ ಹೇಳಿ ತೋರಿಸಿದಾಗ ‘ಸಿಟ್ಟು ಬಂದಿದೆ’ ಅಂದರು. ಹೆಣ್ಣು ಅಂತ ಹೇಳಿದಾಗ ‘ಹೆದರಿದೆ’ ಅಂದರು. ಅಳು ಒಂದೇ. ಹುಟ್ಟಿದ ದಿನದಿಂದ ಮಕ್ಕಳು ಇಂಥ ಮಾತುಗಳ ನಡುವೆಯೇ ಬೆಳೆಯುತ್ತಾರೆ.

ಯಾವುದು ಹೆಣ್ಣಿನದು, ಯಾವುದು ಗಂಡಿನದು ಅಂತ ಗೆರೆ ಎಳೆಯುವುದೂ ನಾವೇ. ಆ ಗೆರೆ ಸರಿಯುತ್ತಲೇ ಇರುತ್ತದೆ. ನಮ್ಮ ಮುತ್ತಜ್ಜಂದಿರ ಕಿವಿಯಲ್ಲಿ ಕಡಕು ಇತ್ತು, ತಲೆಯಲ್ಲಿ ಜುಟ್ಟು ಇತ್ತು. ಗಂಡಸಲ್ಲ ಅಂತ ಅವರನ್ನು ಯಾರೂ ಅನ್ನಲಿಲ್ಲ. ಅಡುಗೆ ಆಟ ಹೆಣ್ಣುಮಕ್ಕಳದು ಅನ್ನುತ್ತೇವೆ, ಆದರೆ ಮದುವೆ ಮನೆಯಲ್ಲಿ ಕೊಪ್ಪರಿಗೆ ಮುಂದೆ ಸೌಟು ಹಿಡಿದು ನಿಲ್ಲುವವರು ಗಂಡಸರು. ನಿಮ್ಮ ಮಗನಿಗೆ ಹೊಳೆಯುವ, ಸದ್ದು ಮಾಡುವ ವಸ್ತುವಿನ ಮೇಲೆ ಆಸೆ ಹುಟ್ಟಿದ್ದು ಅವನ ಸ್ವಭಾವದಿಂದ. ಅದು ‘ಹುಡುಗಿಯರ ವಸ್ತು’ ಆಗಿದ್ದು ನಮ್ಮಿಂದ.

ಈಗ ಟೆಸ್ಟಿನ ಮಾತು. ಬೇಡ. ದೊಡ್ಡವರಾಗುವ ವಯಸ್ಸು ಬರುವ ತನಕ ಗಂಡುಮಕ್ಕಳ ರಕ್ತದಲ್ಲೂ ಹೆಣ್ಣುಮಕ್ಕಳ ರಕ್ತದಲ್ಲೂ ಈ ಹಾರ್ಮೋನ್‌ಗಳು ತೀರಾ ಕಡಿಮೆ ಇರುತ್ತವೆ. 7 ವರ್ಷದ ಹುಡುಗನ ರಕ್ತ ನೋಡಿ ಅವನಿಗೆ ಬಳೆ ಯಾಕೆ ಇಷ್ಟ ಅಂತ ಯಾವ ಲ್ಯಾಬೂ ಹೇಳಲಾರದು. ಮೆದುಳಿನ ಸ್ಕ್ಯಾನೂ ಹೇಳುವುದಿಲ್ಲ. ಇಂಜೆಕ್ಷನ್ ಅಂತೂ ಅಪಾಯ. ಈ ವಯಸ್ಸಿನಲ್ಲಿ ಟೆಸ್ಟೋಸ್ಟಿರಾನ್ ಕೊಟ್ಟರೆ ಅಕಾಲದಲ್ಲಿ ದೊಡ್ಡವನಾಗುತ್ತಾನೆ, ಮೂಳೆಯ ತುದಿಗಳು ಬೇಗ ಮುಚ್ಚಿಕೊಂಡು ಎತ್ತರ ಅಲ್ಲಿಗೇ ನಿಂತುಬಿಡಬಹುದು. ಅವನ ಇಷ್ಟ ಮಾತ್ರ ಬದಲಾಗುವುದಿಲ್ಲ. ‘ಸರಿ ಮಾಡಿಕೊಡುತ್ತೇನೆ’ ಅನ್ನುವವರು ಸಿಕ್ಕರೆ ಆ ಮೆಟ್ಟಿಲು ಹತ್ತಬೇಡಿ. ಇಂಥ ಬದಲಾವಣೆ ಚಿಕಿತ್ಸೆ ಮಾಡುವುದು ವೈದ್ಯರ ಮಟ್ಟಿಗೆ ವೃತ್ತಿದ್ರೋಹ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ಮುಂದೆ ಏನಾಗುತ್ತಾನೆ ಅಂತ ನೀವು ಕೇಳಿಲ್ಲ, ಆದರೆ ಆ ಪ್ರಶ್ನೆ ಪತ್ರದ ಒಳಗೆ ಇದೆ. ಇಲ್ಲಿ ಮೂರು ಬೇರೆ ಬೇರೆ ವಿಷಯಗಳನ್ನು ಜನ ಒಂದೇ ಗಂಟಿನಲ್ಲಿ ಕಟ್ಟುತ್ತಾರೆ. ಮಗು ಯಾವ ಆಟ, ಬಟ್ಟೆ ಇಷ್ಟಪಡುತ್ತದೆ ಅನ್ನುವುದು ಒಂದು. ತಾನು ಹುಡುಗನೋ ಹುಡುಗಿಯೋ ಅಂತ ಒಳಗೆ ಏನು ಅನಿಸುತ್ತದೆ ಅನ್ನುವುದು ಇನ್ನೊಂದು. ದೊಡ್ಡವರಾದ ಮೇಲೆ ಯಾರ ಮೇಲೆ ಮನಸ್ಸಾಗುತ್ತದೆ ಅನ್ನುವುದು ಮೂರನೆಯದು. ಈ ಲಕ್ಷಣ ತುಂಬಾ ಗಾಢವಾಗಿದ್ದು ಕ್ಲಿನಿಕ್‌ಗೆ ಕರೆತಂದ ಹುಡುಗರನ್ನು ಅಮೆರಿಕದಲ್ಲಿ ವರ್ಷಗಟ್ಟಲೆ ಗಮನಿಸಿದಾಗ, ಹೆಚ್ಚಿನವರು ಗಂಡಸರಾಗಿಯೇ ಉಳಿದು ಗಂಡಸರನ್ನು ಇಷ್ಟಪಡುವವರಾದರು. ತಾವು ಹೆಣ್ಣು ಅಂದವರು ಕಡಿಮೆ. ಹೆಂಗಸರನ್ನು ಇಷ್ಟಪಡುವ ಗಂಡಸರಾದವರೂ ಇದ್ದರು. ಒಂದು ಎಚ್ಚರಿಕೆ: ಆ ಹಳೆಯ ಅಧ್ಯಯನಗಳಲ್ಲಿ ‘ನಾನು ಹುಡುಗಿ’ ಅಂತ ಯಾವತ್ತೂ ಹೇಳದ ಮಕ್ಕಳೂ ಸೇರಿದ್ದರು. ಹಾಗಾಗಿ ಅವುಗಳಿಂದ ಒಂದು ಮಗುವಿನ ಭವಿಷ್ಯ ಹೇಳಲು ಬರುವುದಿಲ್ಲ. ನಿಮ್ಮ ಮಗ ಹಾಗೆ ಹೇಳಿದ್ದಾನೆ ಅಂತ ನೀವು ಬರೆದಿಲ್ಲ. ಅವನಿಗೆ ಬಳೆ ಇಷ್ಟ. ಸದ್ಯಕ್ಕೆ ನಮಗೆ ಗೊತ್ತಿರುವುದು ಅಷ್ಟೇ.

ಮನೆಯಲ್ಲಿ ಆಟಕ್ಕೆ ತಡೆ ಬೇಡ. ನೆಂಟರು ನಕ್ಕಾಗ ನೀವು ನಗಬೇಡಿ, ನಾಚಿಕೆಯನ್ನೂ ತೋರಿಸಬೇಡಿ. ‘ಅವನಿಗೆ ಇಷ್ಟ, ಆಡ್ತಾನೆ’ ಅಂತ ಹೇಳಿ ಮಾತು ಬದಲಿಸಿ. ಶಾಲೆಯಲ್ಲಿ ‘ಹೆಣ್ಣಿಗ’ ಅಂತ ಕರೆಯುತ್ತಾರಾ ಅಂತ ಅವನನ್ನೇ ಮೆಲ್ಲಗೆ ಕೇಳಿ. ಕರೆಯುತ್ತಿದ್ದರೆ ಟೀಚರ್ ಹತ್ತಿರ ನೀವೇ ಹೋಗಿ ಮಾತಾಡಿ, ಅವನ ಕೈಯಲ್ಲಿ ದೂರು ಹೇಳಿಸಬೇಡಿ. ಕ್ರಿಕೆಟ್ ಬಿಡಿ, ಈಜು, ಸೈಕಲ್ ಏನು ಇಷ್ಟವೋ ನೋಡಿ. ಮೈಗೆ ಆಟ ಬೇಕು, ಆದರೆ ಅದು ಶಿಕ್ಷೆ ಆಗಬಾರದು. ಯಜಮಾನರಿಗೆ ಒಂದು ಮಾತು: ವಾರಕ್ಕೆ ಎರಡು ದಿನ ಅವನ ಅಡುಗೆ ಆಟದ ಪಕ್ಕ ಚಕ್ಕಂಬಕ್ಕಳ ಹಾಕಿ ಕೂತು, ಅವನು ಬಡಿಸಿದ ಸುಳ್ಳು ದೋಸೆ ತಿನ್ನಿ. ಹುಡುಗರ ಗುಂಪಿಗೆ ಹೆದರುವ ಮಗುವಿಗೆ ಹೆದರಿಕೆ ಇಲ್ಲದ ಒಬ್ಬ ಗಂಡಸು ಬೇಕು. ಅದು ಅಪ್ಪನೇ ಆದರೆ ಒಳ್ಳೆಯದು.

ಮಗ ಮಂಕಾದರೆ, ಊಟ ಬಿಟ್ಟರೆ, ತನ್ನ ಮೈಯನ್ನೇ ದ್ವೇಷಿಸುವ ಮಾತಾಡಿದರೆ ಆಗ ಮಕ್ಕಳ ಮನೋವೈದ್ಯರನ್ನು ನೋಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ವಿಭಾಗ ಇದೆ. ನಿಮಗೇ ರಾತ್ರಿ ನಿದ್ದೆ ಬಾರದಿದ್ದಾಗ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.

ಪ್ರಶ್ನೆ: ನನ್ನ ಮಗಳಿಗೆ 12. ಬಾಬ್ ಕಟ್, ಅಣ್ಣನ ಪ್ಯಾಂಟು, ದಿನವೂ ಕಬಡ್ಡಿ. ಊರಲ್ಲಿ ಗಂಡುಬೀರಿ ಅಂತಾರೆ. ನನಗೇನೂ ಬೇಜಾರಿಲ್ಲ, ಆದರೆ ಮೈನೆರೆಯುವ ಮೊದಲು ತಿದ್ದಬೇಕು ಅಂತ ಮನೆಯವರ ಒತ್ತಾಯ. ಇಂಥ ಹುಡುಗಿಯರಲ್ಲಿ ಗಂಡು ಹಾರ್ಮೋನ್ ಜಾಸ್ತಿ ಇರುತ್ತಾ?
ಒಬ್ಬ ತಂದೆ, ಹಾಸನ

ಉತ್ತರ: ಇಲ್ಲ. ಈ ನಂಬಿಕೆ ಎಲ್ಲಿಂದ ಬಂತು ಅಂತ ಹೇಳುತ್ತೇನೆ. ಮೂತ್ರಪಿಂಡದ ಮೇಲೆ ಕೂರುವ ಅಡ್ರಿನಲ್ ಗ್ರಂಥಿಯ ಒಂದು ಹುಟ್ಟು ಕಾಯಿಲೆಯಲ್ಲಿ ಹೆಣ್ಣುಮಗುವಿಗೆ ಗರ್ಭದಲ್ಲೇ ಗಂಡು ಹಾರ್ಮೋನ್ ಜಾಸ್ತಿ ಸಿಗುತ್ತದೆ. ಕಂಜೆನಿಟಲ್ ಅಡ್ರಿನಲ್ ಹೈಪರ್‌ಪ್ಲೇಸಿಯಾ ಅಂತ ಅದರ ಹೆಸರು. ಇಂಥ ಹುಡುಗಿಯರು ಕಾರು, ಟ್ರಕ್ ಆಟಿಕೆಗಳನ್ನು ಬೇರೆ ಹುಡುಗಿಯರಿಗಿಂತ ಹೆಚ್ಚು ಆರಿಸುತ್ತಾರೆ ಅಂತ 1992ರಿಂದ ಹಲವು ಅಧ್ಯಯನಗಳು ತೋರಿಸಿವೆ. ಅಪ್ಪ ಅಮ್ಮ ಹಾಗೆ ಬೆಳೆಸಿದ್ದಕ್ಕೆ ಇರಬಹುದಾ ಅಂತಲೂ ನೋಡಿದರು. ತಂದೆ ತಾಯಿ ಉಲ್ಟಾ ಹುಡುಗಿಯರ ಆಟಿಕೆಗೇ ಹೆಚ್ಚು ಶಹಬ್ಬಾಸ್ ಹೇಳುತ್ತಿದ್ದರು. ಆದರೂ ಮಕ್ಕಳ ಕೈ ಟ್ರಕ್ ಕಡೆಗೇ ಹೋಗುತ್ತಿತ್ತು. ಗರ್ಭದ ದಿನಗಳಿಗೆ ಒಂದು ಪಾತ್ರ ಇದೆ ಅನ್ನಲು ನಮ್ಮ ಬಳಿ ಇರುವ ಗಟ್ಟಿ ಆಧಾರ ಇದು. ಆದರೆ ಆ ಹುಡುಗಿಯರಲ್ಲೂ ಬಹುಪಾಲು ಮಂದಿ ಹೆಂಗಸರಾಗಿಯೇ ನೆಮ್ಮದಿಯಿಂದ ಇರುತ್ತಾರೆ.

ನಿಮ್ಮ ಮಗಳಿಗೆ ಈ ಕಾಯಿಲೆ ಇದೆ ಅನ್ನಲು ಪತ್ರದಲ್ಲಿ ಏನೂ ಇಲ್ಲ. ಕಬಡ್ಡಿ ಇಷ್ಟಪಡುವ ಹುಡುಗಿಗೆ ಹಾರ್ಮೋನ್ ಟೆಸ್ಟ್ ಬೇಕಿಲ್ಲ, ಒಳ್ಳೆಯ ಶೂ ಬೇಕು.

ಗಂಡುಬೀರಿ ಅನ್ನುವ ಮಾತನ್ನು ಗಮನಿಸಿ. ಹತ್ತು ವರ್ಷದ ತನಕ ಅದನ್ನು ಅರ್ಧ ಮುದ್ದಿನಿಂದ ಹೇಳುತ್ತಾರೆ. ಮೈನೆರೆದ ಮರುದಿನ ಅದೇ ಮಾತು ಬೈಗುಳ ಆಗುತ್ತದೆ. ಮಗಳು ಒಂದಿಷ್ಟೂ ಬದಲಾಗಿರುವುದಿಲ್ಲ. ಸುತ್ತಲಿನವರು ಬದಲಾಗಿರುತ್ತಾರೆ. ಆ ವರ್ಷ ಅವಳ ಪರವಾಗಿ ನಿಲ್ಲಲು ಈಗಲೇ ಸಿದ್ಧರಾಗಿ. ಮುಟ್ಟಿನ ದಿನಗಳಲ್ಲಿ ಆಟ ಆಡಬಹುದು ಅಂತ ಮನೆಯವರಿಗೆ ಮೊದಲೇ ಹೇಳಿಡಿ.

ಪ್ರಶ್ನೆ: ನನಗೆ 23. ಹನ್ನೆರಡನೇ ವಯಸ್ಸಿನಿಂದ ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡುತ್ತಿದ್ದೇನೆ. ಚೌಕಿಯಲ್ಲಿ ಬಣ್ಣ ಹಚ್ಚಿ, ಸೀರೆ ಉಟ್ಟು ಕೂತಾಗ ಮಾತ್ರ ನಾನು ನಾನಾಗಿರುತ್ತೇನೆ. ಬೆಳಗಿನ ಜಾವ ಬಣ್ಣ ತೆಗೆದಾಗ ಅಳು ಬರುತ್ತದೆ. ವೇಷದ ಅಭ್ಯಾಸದಿಂದ ಹೀಗಾಯಿತಾ? ವೇಷ ಬಿಟ್ಟರೆ ಸರಿಹೋಗುತ್ತಾ? ಮನೆಯಲ್ಲಿ ಹುಡುಗಿ ನೋಡುತ್ತಿದ್ದಾರೆ.
ಕುಂದಾಪುರ ಕಡೆಯವನು

ಉತ್ತರ: ವೇಷದಿಂದಲೇ ಹೀಗಾಗುವುದಾಗಿದ್ದರೆ ಕರಾವಳಿಯಲ್ಲಿ ಎಷ್ಟು ತಲೆಮಾರಿನ ಕಲಾವಿದರು ಹೀಗಾಗಬೇಕಿತ್ತು, ಯೋಚಿಸಿ. ಮೇಳಗಳಲ್ಲಿ ಹೆಣ್ಣಿನ ಪಾತ್ರಗಳನ್ನು ಗಂಡಸರೇ ಕಟ್ಟಿ ನಿಲ್ಲಿಸಿದ್ದಾರೆ. ಹೆಚ್ಚಿನವರು ಬೆಳಗ್ಗೆ ಬಣ್ಣ ಒರೆಸಿಕೊಂಡು, ಲುಂಗಿ ಉಟ್ಟು ಹೆಂಡತಿ ಮಕ್ಕಳಿರುವ ಮನೆಗೆ ಹೋದರು. ಅವರಿಗೆ ಸ್ತ್ರೀವೇಷ ಒಂದು ಕಲೆ, ಒಂದು ಕಸುಬು. ನಿಮಗೆ ಅದು ಉಸಿರಾಡುವ ಜಾಗ ಆಗಿದೆ. ವೇಷ ನಿಮ್ಮನ್ನು ಹೀಗೆ ಮಾಡಿತು ಅನ್ನುವುದಕ್ಕಿಂತ, ಹೀಗಿದ್ದ ನಿಮ್ಮನ್ನು ವೇಷ ಕರೆಯಿತು ಅನ್ನುವುದು ಹೆಚ್ಚು ಸಾಧ್ಯ. ಹನ್ನೆರಡಕ್ಕಿಂತ ಮೊದಲು ನಿಮಗೆ ಏನು ಅನಿಸುತ್ತಿತ್ತು ಅಂತ ನೆನಪು ಮಾಡಿಕೊಳ್ಳಿ. ಉತ್ತರ ಅಲ್ಲಿ ಸಿಗಬಹುದು.

ಕಾರಣ ಹುಡುಕಿ ಸುಸ್ತಾಗಿದ್ದೀರಿ ಅಂತ ಕಾಣುತ್ತದೆ. ಸವದತ್ತಿ ಎಲ್ಲಮ್ಮನ ಜೋಗಪ್ಪಂದಿರನ್ನು ಕೇಳಿದರೆ ಅವರು ಜೀನ್ ಅನ್ನುವುದಿಲ್ಲ, ಸಾಕಣೆ ಅನ್ನುವುದಿಲ್ಲ. ಅಮ್ಮ ಕರೆದಳು ಅನ್ನುತ್ತಾರೆ. ಆ ನಂಬಿಕೆ ಅವರಿಗೆ ಊರಲ್ಲಿ ಒಂದು ಜಾಗ ಕೊಟ್ಟಿತು. ಎಲ್ಲರಿಗೂ ಅನ್ನ ಕೊಡಲಿಲ್ಲ, ಮನೆ ಕೊಡಲಿಲ್ಲ. ಅದೇ ಹಾದಿಯಲ್ಲಿ ಬಂದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅವರ ಕುಣಿತ ನೋಡುವವರು ಇದು ಹುಟ್ಟಾ ಸಾಕಣೆಯಾ ಅಂತ ಕೇಳುತ್ತಾ ಕೂರುವುದಿಲ್ಲ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ಕೂಡ ಕಾರಣ ಕೇಳಲಿಲ್ಲ. ತಾನು ಗಂಡೋ ಹೆಣ್ಣೋ ಮೂರನೆಯವರೋ ಅಂತ ಹೇಳುವ ಹಕ್ಕು ಆ ವ್ಯಕ್ತಿಯದೇ ಅಂದಿತು. ಹುಟ್ಟಿದ ಮೈ ಒಂದು, ಒಳಗಿನ ಅನಿಸಿಕೆ ಇನ್ನೊಂದು ಆಗಿರುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ಕಾಯಿಲೆಗಳ ಹೊಸ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಗಳ ಸಾಲಿನಿಂದ ತೆಗೆದುಹಾಕಿದೆ. ನಿಮಗೆ ಕಾಯಿಲೆ ಇಲ್ಲ. ಸರಿಹೋಗಬೇಕಾದ್ದೂ ಇಲ್ಲ.

ನೀವು ಹೆಣ್ಣು ಅಂತ ನಾನು ಇಲ್ಲಿ ಕೂತು ತೀರ್ಮಾನ ಕೊಡಲಾರೆ. ಹೆಣ್ಣುತನ ತುಂಬಿದ ಗಂಡಸರೂ ಇದ್ದಾರೆ, ಹಾಗೆಯೇ ಸುಖವಾಗಿದ್ದಾರೆ. ಅದು ನಿಧಾನವಾಗಿ, ನಿಮ್ಮ ಬಾಯಲ್ಲೇ ಬರಬೇಕಾದ ಮಾತು. ಆದರೆ ಮದುವೆ ವಿಷಯದಲ್ಲಿ ಖಂಡಿತವಾಗಿ ಹೇಳುತ್ತೇನೆ: ನಿಮಗೇ ಸ್ಪಷ್ಟವಾಗುವ ತನಕ ಹುಡುಗಿ ನೋಡಲು ಹೋಗಬೇಡಿ. ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಅಂತ ಹೇಳುವವರು ಆ ಹುಡುಗಿಯನ್ನು ಲೆಕ್ಕಕ್ಕೇ ಇಟ್ಟಿರುವುದಿಲ್ಲ. ಈಗಲೇ ಬೇಡ ಅನ್ನಲು ಕಾರಣ ಪೂರ್ತಿ ಹೇಳಬೇಕಾಗಿಲ್ಲ, ಎರಡು ವರ್ಷ ಸಮಯ ಬೇಕು ಅಂದರೆ ಸಾಕು.

ವೇಷ ಬಿಡಬೇಡಿ. ದಿನದಲ್ಲಿ ನೀವು ನೀವಾಗಿರುವ ಕೆಲವೇ ಗಂಟೆ ಅದು. ಮಳೆಗಾಲಕ್ಕೆ ತಿರುಗಾಟ ನಿಂತಾಗ ನಿಮಗೆ ಬಿಡುವಿರುತ್ತದೆ, ಕಷ್ಟವೂ ಆಗ ಜಾಸ್ತಿ ಆಗಬಹುದು. ಅದಕ್ಕೆ ಮೊದಲೇ ಒಬ್ಬ ಆಪ್ತಸಮಾಲೋಚಕರನ್ನು ಗೊತ್ತುಮಾಡಿಕೊಳ್ಳಿ. ಮೊದಲ ಭೇಟಿಯಲ್ಲೇ ಒಂದು ಪ್ರಶ್ನೆ ಕೇಳಿ: ‘ನನ್ನನ್ನು ಬದಲಿಸಲು ನೋಡುತ್ತೀರಾ?’ ಹೌದು ಅಂದರೆ ಎದ್ದು ಬನ್ನಿ. ಇಲ್ಲ ಅಂದರೆ ಬೆಳಗಿನ ಜಾವದ ಆ ಅಳುವಿನಿಂದ ಮಾತು ಶುರು ಮಾಡಿ.